ಮೌನ ಧ್ಯಾನವೋ, ಧ್ಯಾನಕೂಟವೋ? ಮಲೆನಾಡಿನ ಕ್ರೈಸ್ತರಿಗೆ ಒಂದು ಹೋಲಿಕೆ

ನಮ್ಮ ಶಿವಮೊಗ್ಗದ ಕಡೆ ಯಾರಾದರೂ ‘ಧ್ಯಾನಕ್ಕೆ ಹೋಗಿದ್ದೆ’ ಅಂದರೆ ನಾನು ಮೊದಲು ಕೇಳುವುದು ಒಂದೇ. ಅಲ್ಲಿ ಮೈಕ್ ಇತ್ತಾ, ಇರಲಿಲ್ವಾ?

ಯಾಕೆಂದರೆ ‘ಧ್ಯಾನ’ ಎಂಬ ಒಂದೇ ಮಾತನ್ನು ನಾವು ಎರಡು ಬೇರೆ ವಿಷಯಗಳಿಗೆ ಬಳಸುತ್ತೇವೆ. ಒಂದು, ಮೂರೋ ಐದೋ ದಿನ ನೂರಾರು ಜನ ಒಟ್ಟಿಗೆ ಸೇರುವ ಧ್ಯಾನಕೂಟ. ಅಲ್ಲಿ ಪ್ರವಚನ ಇರುತ್ತದೆ, ಚಪ್ಪಾಳೆ ತಟ್ಟಿ ಹಾಡುವುದಿರುತ್ತದೆ, ಸ್ತುತಿ ಆರಾಧನೆ, ಪಾಪನಿವೇದನೆ, ರೋಗಿಗಳಿಗಾಗಿ ಪ್ರಾರ್ಥನೆ ಎಲ್ಲ ಇರುತ್ತವೆ. ಇನ್ನೊಂದು, ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಮುಚ್ಚಿ, ದೇವರ ಮುಂದೆ ಸುಮ್ಮನೆ ಕೂರುವುದು. ಎರಡೂ ಪ್ರಾರ್ಥನೆಯೇ. ಆದರೆ ಒಂದನ್ನು ಹುಡುಕಿಕೊಂಡು ಹೋದವರಿಗೆ ಇನ್ನೊಂದು ಸಿಕ್ಕರೆ ಮನಸ್ಸಿಗೆ ತುಂಬಾ ಕಷ್ಟವಾಗುತ್ತದೆ.

ನನಗೆ ಹಾಗೇ ಆಯಿತು. ಅದು ಅಮ್ಮ ತೀರಿಕೊಂಡ ವರ್ಷ. ಸಂಜೆ ತೇರ್ಸ್ (ಜಪಸರ ಪ್ರಾರ್ಥನೆ) ಹೇಳುವಾಗ ಅವರ ದನಿ ಇಲ್ಲದಿರುವುದೇ ಮನೆ ತುಂಬಾ ಕೇಳಿಸುತ್ತಿತ್ತು. ಎಲ್ಲಾದರೂ ಮೂರು ದಿನ ಮಾತಿಲ್ಲದೆ ಕೂತು ಬರಬೇಕು ಅನ್ನಿಸಿ, ಪರಿಚಯದವರು ಹೇಳಿದ ಒಂದು ಧ್ಯಾನಕೂಟಕ್ಕೆ ಹೋದೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಸ್ಪೀಕರ್ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಹೆಂಗಸು ಎರಡೂ ಕೈ ಎತ್ತಿ ಅಳುತ್ತಾ ಹಾಡುತ್ತಿದ್ದರು. ಹಾಡು ಮುಗಿದಾಗ ಅವರ ಮುಖದಲ್ಲಿದ್ದ ಹಗುರ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವರಿಗೆ ಬೇಕಾದದ್ದು ಅಲ್ಲಿ ಸಿಕ್ಕಿತು. ನನಗೆ ಸಿಗಲಿಲ್ಲ. ಎರಡನೇ ದಿನ ಊಟದ ಹೊತ್ತಿನಲ್ಲಿ ಹಿಂದುಗಡೆಯ ಹಲಸಿನ ಮರದ ಕೆಳಗೆ ಹೋಗಿ ಅರ್ಧ ಗಂಟೆ ಒಬ್ಬಳೇ ಕೂತೆ. ನಾನು ಬಂದಿದ್ದು ಇದಕ್ಕೆ ಅಂತ ಗೊತ್ತಾಗಿದ್ದು ಅಲ್ಲಿ.

ಆಮೇಲೆ ಕೆಲವು ವರ್ಷ ಹುಡುಕಿದೆ, ಕಲಿತೆ, ಕೆಲವು ಕಡೆ ಹೋಗಿ ಬಂದೆ. ಈಗ ನಮ್ಮ ಬಡಾವಣೆಯ ಒಂದು ಮನೆಯಲ್ಲಿ ಗುರುವಾರ ಸಂಜೆ ಏಳು ಜನ ಸೇರುತ್ತೇವೆ. ಹೊಸದಾಗಿ ಶುರು ಮಾಡುವವರು ನನ್ನ ಹಾಗೆ ಅಲೆಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೌನ ಬೇಕು ಅನ್ನುವವರು ದೂರದ ದೊಡ್ಡ ರಿಟ್ರೀಟಿನಿಂದ, ಅಂದರೆ ಕೆಲವು ದಿನ ಅಲ್ಲೇ ಉಳಿದು ಮಾಡುವ ಪ್ರಾರ್ಥನೆಯಿಂದ, ಶುರು ಮಾಡಬೇಡಿ. ನಡೆದು ಹೋಗುವಷ್ಟು ಹತ್ತಿರದಲ್ಲಿ, ವಾರಕ್ಕೊಮ್ಮೆ ಸೇರುವ ಸಣ್ಣ ಗುಂಪಿನಿಂದ ಶುರು ಮಾಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದೇ ಕಥೆ, ಬೇರೆ ಬೇರೆ ದಾರಿ

ಮೊದಲು ವಿಧಾನಗಳನ್ನು ನೋಡೋಣ. ಹೆಸರುಗಳನ್ನು ಸಾಲಾಗಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಅದಕ್ಕೆ ಶುಭಸಂದೇಶದ ಒಂದೇ ಕಥೆಯನ್ನು ಇಟ್ಟುಕೊಳ್ಳೋಣ. ಮಾರ್ಕನ 4ನೇ ಅಧ್ಯಾಯ, 35ರಿಂದ 41ನೇ ವಚನ. ಸರೋವರದಲ್ಲಿ ಬಿರುಗಾಳಿ ಎದ್ದಿದೆ. ದೋಣಿಗೆ ನೀರು ನುಗ್ಗುತ್ತಿದೆ. ಯೇಸುಸ್ವಾಮಿ ಹಿಂಭಾಗದಲ್ಲಿ ನಿದ್ದೆ ಮಾಡುತ್ತಿದ್ದಾರೆ. ಶಿಷ್ಯರು ಹೆದರಿ ಎಬ್ಬಿಸುತ್ತಾರೆ.

ಲೆಕ್ಸಿಯೊ ದಿವಿನಾ (ದೈವಿಕ ಓದು) ಎಂಬ ದಾರಿಯಲ್ಲಿ ಈ ಭಾಗವನ್ನು ನಿಧಾನವಾಗಿ, ದನಿ ಬರುವ ಹಾಗೆ ಎರಡು ಮೂರು ಸಲ ಓದುತ್ತಾರೆ. ಯಾವುದೋ ಒಂದು ಮಾತು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲೇ ನಿಲ್ಲಬೇಕು. ಸಂತ ಬೆನೆಡಿಕ್ಟರ ನಿಯಮದಂತೆ ಬದುಕುವ ಬೆನೆಡಿಕ್ಟಿನ್ ಮಠಗಳಲ್ಲಿ ಇದು ದಿನದ ಅಭ್ಯಾಸ. 12ನೇ ಶತಮಾನದ ಎರಡನೇ ಗೀಗೋ ಎಂಬ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲಾಗಿ ಬಿಡಿಸಿ ಹೇಳಿದರು: ಓದು, ಮನನ, ಪ್ರಾರ್ಥನೆ, ಕೊನೆಗೆ ಮಾತಿಲ್ಲದ ನೆಲೆ. ನಮ್ಮ ಗುಂಪಿನಲ್ಲಿ ಒಂದು ಜುಲೈ ಸಂಜೆ ಇದನ್ನೇ ಓದಿದೆವು. ಹೆಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಓದುವವರು ಗಂಟಲು ಎತ್ತರಿಸಬೇಕಾಯಿತು. ಓದು ಮುಗಿದ ಮೇಲೆ ಒಬ್ಬರು ಹೇಳಿದರು, ‘ನನಗೆ ಆ ತಲೆದಿಂಬು ಬಿಡ್ತಾ ಇಲ್ಲ.’ ಅವರು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ಎಷ್ಟೋ ಜನರ ತಲೆ ಕೆಳಗೆ ದಿಂಬು ಸರಿಮಾಡಿದವರು. ಇದೇ ಕಥೆ ಮತ್ತಾಯ, ಲೂಕ ಇಬ್ಬರಲ್ಲೂ ಇದೆ. ದಿಂಬಿನ ಮಾತು ಇರುವುದು ಮಾರ್ಕನಲ್ಲಿ ಮಾತ್ರ. ಅದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ದಣಿದ ಮೈಗೆ ಯಾರೋ ಕೊಟ್ಟ ದಿಂಬು. ಅವರು ಆ ವಾರವಿಡೀ ಆ ಒಂದು ಮಾತಿನ ಜೊತೆಗೇ ಪ್ರಾರ್ಥಿಸಿದರು.

ಇಗ್ನೇಷಿಯನ್ ದಾರಿಯಲ್ಲಿ ನೀವೇ ದೋಣಿ ಹತ್ತುತ್ತೀರಿ. ಗಾಳಿ ಮುಖಕ್ಕೆ ಬಡಿಯುವುದು, ಒದ್ದೆ ಹಗ್ಗದ ವಾಸನೆ, ಪಾದ ಮುಳುಗುವಷ್ಟು ನೀರು, ಎಲ್ಲವನ್ನೂ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಆಮೇಲೆ ಯೇಸುಸ್ವಾಮಿಯ ಜೊತೆ ಸ್ನೇಹಿತರ ಹಾಗೆ ಮಾತಾಡಬೇಕು. ಇದನ್ನು ಕಲಿಸಿದವರು ಲೊಯೊಲಾದ ಸಂತ ಇಗ್ನೇಷಿಯಸ್. 1521ರಲ್ಲಿ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಮಲಗಿದಲ್ಲೇ ಮನಸ್ಸು ಬದಲಾಯಿತು. ಮರುವರ್ಷ ಮನ್ರೇಸಾ ಎಂಬ ಊರಿನಲ್ಲಿ ತಾವು ಪ್ರಾರ್ಥಿಸಿದ ಅನುಭವವನ್ನೇ ಬರೆದಿಟ್ಟುಕೊಳ್ಳುತ್ತಾ ಹೋದರು. 1548ರಲ್ಲಿ ಪೋಪ್ ಮೂರನೇ ಪೌಲರು ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಆ ಪುಸ್ತಕಕ್ಕೆ ಒಪ್ಪಿಗೆ ಕೊಟ್ಟರು. ಕಥೆ ಕೇಳಿದರೆ ಕಣ್ಣ ಮುಂದೆ ಚಿತ್ರ ಮೂಡುವವರಿಗೆ ಈ ದಾರಿ ತುಂಬಾ ಹಿಡಿಸುತ್ತದೆ. ಚಿತ್ರ ಮೂಡದವರು ಒದ್ದಾಡುತ್ತಾರೆ. ಅದು ಅವರ ತಪ್ಪಲ್ಲ.

ಇನ್ನು ಧ್ಯಾನಕೂಟದಲ್ಲಿ ಇದೇ ಕಥೆಯ ಮೇಲೆ ಪ್ರವಚನ ಕೇಳುತ್ತೀರಿ, ನಿಮ್ಮ ಬದುಕಿನ ಬಿರುಗಾಳಿಯನ್ನು ಹೆಸರಿಟ್ಟು ಕೂಗಿ ಹೇಳುತ್ತೀರಿ, ಎಲ್ಲರ ಜೊತೆ ಹಾಡುತ್ತೀರಿ. ಎದೆಯಲ್ಲಿ ದುಃಖ ಗಂಟು ಕಟ್ಟಿಕೊಂಡವರಿಗೆ ಹೀಗೆ ಬಾಯಿ ಬಿಟ್ಟು ಕೂಗುವುದೇ ಮದ್ದಾಗಬಹುದು.

ಮೌನ ಧ್ಯಾನದಲ್ಲಾದರೆ ಈ ಕಥೆಯ ಬಗ್ಗೆ ಏನೂ ಯೋಚಿಸುವುದಿಲ್ಲ! ಬಿರುಗಾಳಿ ನಿಮ್ಮ ತಲೆಯೊಳಗೇ ಇರುತ್ತದೆ. ನೀವು ಒಂದೇ ಒಂದು ಮಾತನ್ನು ಹಿಡಿದು ಕೂರುತ್ತೀರಿ.

ಮಾರಾನಾಥಾ

ಆ ಒಂದು ಮಾತನ್ನು ಹಿಡಿಯುವುದರಲ್ಲೂ ಎರಡು ಪದ್ಧತಿ ಇವೆ. ಹೊರಗಿನಿಂದ ನೋಡಿದರೆ ಒಂದೇ ತರ ಕಾಣುತ್ತವೆ. ಕೂತು ನೋಡಿದರೆ ಬೇರೆ ಅಂತ ಗೊತ್ತಾಗುತ್ತದೆ. ಗುಂಪು ಸೇರುವ ಮೊದಲು ಅಲ್ಲಿ ಯಾವ ಪದ್ಧತಿ ಅಂತ ಕೇಳಿಕೊಳ್ಳಿ.

ಮೊದಲನೆಯದು ಜಾನ್ ಮೇನ್ ಕಲಿಸಿದ್ದು. 1926ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. 1950ರ ದಶಕದಲ್ಲಿ ಮಲಯಾದಲ್ಲಿ ಬ್ರಿಟಿಷ್ ಸರ್ಕಾರದ ನೌಕರಿಯಲ್ಲಿದ್ದಾಗ, ಕೌಲಾಲಂಪುರದಲ್ಲಿ ಸ್ವಾಮಿ ಸತ್ಯಾನಂದ ಎಂಬ ಹಿಂದೂ ಸನ್ಯಾಸಿಯ ಹತ್ತಿರ ಧ್ಯಾನ ಕಲಿತರು. ಸ್ವಾಮಿಗಳು ಇವರನ್ನು ಧರ್ಮ ಬಿಡು ಅನ್ನಲಿಲ್ಲ. ಕ್ರೈಸ್ತನಾಗಿರುವ ನೀನು ಕ್ರೈಸ್ತ ಮಾತನ್ನೇ ಮಂತ್ರವಾಗಿ ಹಿಡಿ, ಬೆಳಿಗ್ಗೆ ಸಂಜೆ ಅರ್ಧ ಗಂಟೆ ಕೂರು ಎಂದರು. ಮುಂದೆ ಅವರು ಬೆನೆಡಿಕ್ಟಿನ್ ಸನ್ಯಾಸಿಯಾದಾಗ ಮಠದ ಹಿರಿಯರು ಆ ಪದ್ಧತಿ ಬಿಡಲು ಹೇಳಿದರು. ಬಿಟ್ಟರು. ಎಷ್ಟೋ ವರ್ಷದ ಮೇಲೆ ಜಾನ್ ಕ್ಯಾಸಿಯನ್ ಎಂಬ ಪ್ರಾಚೀನ ಸನ್ಯಾಸಿಯ ಬರಹ ಓದುವಾಗ ಬೆರಗಾದರು. ಸುಮಾರು 1600 ವರ್ಷದ ಹಿಂದೆ ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಇದನ್ನೇ ಮಾಡುತ್ತಿದ್ದರು. ಬೈಬಲಿನ ಕೀರ್ತನೆಯ ಒಂದೇ ಸಾಲನ್ನು, ‘ದೇವರೇ, ನನ್ನ ನೆರವಿಗೆ ಬಾ’ ಎನ್ನುವಂಥದ್ದನ್ನು, ಎಡೆಬಿಡದೆ ಹೇಳುತ್ತಿದ್ದರು. ತಾನು ಹೊರಗೆ ಕಲಿತದ್ದು ತನ್ನ ಮನೆಯಲ್ಲೇ ಇತ್ತು ಅಂತ ಅವರಿಗೆ ತಿಳಿಯಿತು. 1975ರಲ್ಲಿ ಲಂಡನ್ನಿನ ಈಲಿಂಗ್ ಮಠದಲ್ಲಿ ಗುಂಪು ಶುರು ಮಾಡಿದರು. 1982ರಲ್ಲಿ ತೀರಿಕೊಂಡರು. ಅವರ ಶಿಷ್ಯ ಲಾರೆನ್ಸ್ ಫ್ರೀಮನ್ ಅದನ್ನು ಮುಂದುವರಿಸಿದರು. 1991ರಲ್ಲಿ ಕ್ರೈಸ್ತ ಧ್ಯಾನದ ವಿಶ್ವ ಸಮುದಾಯ ರೂಪುಗೊಂಡಿತು.

ಅವರು ಕಲಿಸಿದ ಮಾತು ‘ಮಾರಾನಾಥಾ’. ಯೇಸುಸ್ವಾಮಿ ಆಡುತ್ತಿದ್ದ ಅರಮಾಯಿಕ್ ಭಾಷೆಯದ್ದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ ಕೊನೆಯಲ್ಲಿ ಇದೆ. ‘ನಮ್ಮ ಒಡೆಯನೇ, ಬಾ’ ಅಂತ ಅರ್ಥ. ನಾಲ್ಕು ಅಕ್ಷರವನ್ನೂ ಒಂದೇ ತೂಕದಲ್ಲಿ, ಮಾ, ರಾ, ನಾ, ಥಾ, ಎಂದು ಮನಸ್ಸಿನೊಳಗೇ ಹೇಳುತ್ತಾ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾ ಕೂರಬೇಕು. ಕನ್ನಡದ ಕಿವಿ ಇದನ್ನು ಕೂಡಲೇ ‘ಮಾರ’, ‘ನಾಥ’ ಎಂದು ಬಿಡಿಸಲು ನೋಡುತ್ತದೆ. ನಾನು ಮೊದಲ ವಾರ ಇದರಲ್ಲೇ ಸಿಕ್ಕಿಕೊಂಡಿದ್ದೆ. ಹಾಗೆ ಬಿಡಿಸಬೇಡಿ. ಅದರ ಬೇರು ಬೇರೆ. ನರಸಿಂಹರಾಜಪುರ, ಭದ್ರಾವತಿ ಕಡೆಯ ಸಿರಿಯನ್ ಕ್ರೈಸ್ತರು ತಮ್ಮ ಬಿಷಪ್ಪರ ಹೆಸರಿನ ಮೊದಲಿಗೆ ‘ಮಾರ್’ ಅಂತ ಹಾಕುತ್ತಾರಲ್ಲ, ಆ ‘ಮಾರ್’ ಇಲ್ಲಿರುವುದು. ಈ ಮಾತು ನಮ್ಮ ದಿನದ ಮಾತಲ್ಲದಿರುವುದೇ ಒಳ್ಳೆಯದು. ‘ಪ್ರೀತಿ’ ಎಂಬ ಮಾತನ್ನು ಹಿಡಿದರೆ ಮನಸ್ಸು ಪ್ರೀತಿಯ ಬಗ್ಗೆ ಯೋಚನೆಗೆ ಇಳಿಯುತ್ತದೆ. ಇದರಲ್ಲಿ ಆ ಹಾದಿ ಇಲ್ಲ.

ಎರಡನೆಯದು ಸೆಂಟರಿಂಗ್ ಪ್ರೇಯರ್. ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಪೆನ್ಸರ್‌ನಲ್ಲಿರುವ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಮಠದಲ್ಲಿ 1970ರ ದಶಕದಲ್ಲಿ ವಿಲಿಯಂ ಮೆನಿಂಜರ್, ಥಾಮಸ್ ಕೀಟಿಂಗ್, ಬೇಸಿಲ್ ಪೆನ್ನಿಂಗ್ಟನ್ ಎಂಬ ಮೂವರು ಸನ್ಯಾಸಿಗಳು ರೂಪಿಸಿದ್ದು. ಇದರಲ್ಲೂ ಒಂದು ಪವಿತ್ರ ಮಾತನ್ನು ಆರಿಸಿಕೊಳ್ಳುತ್ತೀರಿ. ‘ಯೇಸು’, ‘ಅಪ್ಪಾ’, ‘ಶಾಂತಿ’, ಯಾವುದೂ ಆಗಬಹುದು. ಆದರೆ ಅದನ್ನು ಹೇಳುತ್ತಲೇ ಇರುವುದಿಲ್ಲ. ಯೋಚನೆಯೊಂದರ ಬೆನ್ನು ಹತ್ತಿದ್ದೇನೆ ಅಂತ ಗೊತ್ತಾದಾಗ ಮಾತ್ರ, ಮೆಲ್ಲಗೆ ಆ ಮಾತಿಗೆ ಮರಳುತ್ತೀರಿ. ಆಮೇಲೆ ಅದನ್ನೂ ಬಿಡುತ್ತೀರಿ. ದಿನಕ್ಕೆ ಎರಡು ಸಲ, 20 ನಿಮಿಷ.

ಯಾವುದು ಒಳ್ಳೆಯದು? ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಹೊಸಬರಿಗೆ, ಅದರಲ್ಲೂ ಜಪಸರ ಹಿಡಿದು ಬೆಳೆದ ನಮ್ಮಂಥವರಿಗೆ, ಎಡೆಬಿಡದೆ ಹೇಳುವ ಮಂತ್ರವೇ ಸುಲಭ. ನಾಲಿಗೆಗೂ ಉಸಿರಿಗೂ ಅದು ಈಗಾಗಲೇ ರೂಢಿ. ಸೆಂಟರಿಂಗ್ ಪ್ರೇಯರಿನಲ್ಲಿ ‘ಈಗ ಮಾತಿಗೆ ಮರಳಬೇಕಾ, ಬೇಡ್ವಾ’ ಎಂದು ನೋಡುತ್ತಾ ಕೂರುವುದೇ ನನಗೆ ಇನ್ನೊಂದು ಯೋಚನೆಯಾಯಿತು. ಆದರೆ ನಮ್ಮ ಗುಂಪಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಮಂತ್ರ ಕಟ್ಟಿಹಾಕಿದಂತೆ ಅನ್ನಿಸಿ, ಈ ಸಡಿಲ ದಾರಿಯೇ ಹಿಡಿಸಿತು. ಒಂದು ತಿಂಗಳು ಒಂದನ್ನೇ ಮಾಡಿ. ಒಂದು ದಿನ ಅದು, ಒಂದು ದಿನ ಇದು ಅಂತ ಬದಲಾಯಿಸುತ್ತಾ ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಪೂರ್ವದ ಆರ್ಥೊಡಾಕ್ಸ್ ಸಭೆಗಳ ಯೇಸು ನಾಮ ಜಪವೂ ಇದೆ. ‘ಕರ್ತನಾದ ಯೇಸು ಕ್ರಿಸ್ತನೇ, ದೇವರ ಪುತ್ರನೇ, ಪಾಪಿಯಾದ ನನ್ನ ಮೇಲೆ ಕರುಣೆಯಿಡು.’ ಗಂಟು ಹಾಕಿದ ದಾರವನ್ನು ಬೆರಳಲ್ಲಿ ಜರುಗಿಸುತ್ತಾ ಹೇಳುತ್ತಾರೆ. ಅಡಿಕೆ ಸುಲಿಯುತ್ತಾ, ಬಸ್ಸಿನಲ್ಲಿ ನಿಂತು, ದನದ ಹಿಂದೆ ನಡೆಯುತ್ತಾ ಹೇಳಿಕೊಳ್ಳಬಹುದಾದ ಪ್ರಾರ್ಥನೆ. ಇದಕ್ಕೆ ಗುಂಪು ಬೇಕೇ ಬೇಕು ಅಂತಿಲ್ಲ.

‘ಇದು ನಮ್ಮದಾ?’ ಅಂತ ಕೇಳುವವರಿಗೆ

ಮಂತ್ರ ಅಂದ ಕೂಡಲೇ ಮನೆಯಲ್ಲಿ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅವರ ಆತಂಕ ಸುಳ್ಳಲ್ಲ. 1989ರಲ್ಲಿ ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಮಂಡಳಿ, ಆಗಿನ ಕಾರ್ಡಿನಲ್ ರಾಟ್ಜಿಂಗರ್ (ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್) ಅವರ ಸಹಿಯೊಂದಿಗೆ, ಕ್ರೈಸ್ತ ಧ್ಯಾನದ ಬಗ್ಗೆಯೇ ಒಂದು ಪತ್ರ ಹೊರಡಿಸಿತು. ಬೇರೆ ಧರ್ಮಗಳ ವಿಧಾನಗಳನ್ನು ಸುಮ್ಮನೆ ತಳ್ಳಿಹಾಕಬೇಕಿಲ್ಲ ಎಂದಿತು. ಆದರೆ ವಿಧಾನವೇ ಗುರಿಯಾಗಬಾರದು, ಮೈ ಹಗುರಾಗಿದ್ದನ್ನೇ ಪವಿತ್ರಾತ್ಮರ ವರ ಅಂತ ತಿಳಿಯಬಾರದು ಎಂದು ಎಚ್ಚರಿಸಿತು. ನನಗೆ ಇದು ಸರಿಯಾದ ಅಳತೆಗೋಲು ಅನ್ನಿಸುತ್ತದೆ. ಯಾವ ಗುಂಪಿನಲ್ಲಾದರೂ ‘ನನಗೆ ಬೆಳಕು ಕಂಡಿತು, ನಿನಗೆ ಕಾಣಲಿಲ್ವಾ?’ ಎಂಬ ಮಾತೇ ಜಾಸ್ತಿಯಾದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಮಾತು. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ‘ಬಯಲು’ ಎಂಬ ಮಾತಿಗೆ ಅಷ್ಟು ಆಳ ಕೊಟ್ಟ ನೆಲ ಇದು. ಇಲ್ಲಿ ಹುಟ್ಟಿದ ಕ್ರೈಸ್ತರು ದೇವರ ಮುಂದೆ ಮಾತು ಬಿಟ್ಟು ಕೂರುವುದು ಯಾರಿಂದಲೋ ಎರವಲು ತಂದದ್ದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಹತ್ತಿರದ ಗುಂಪೋ, ದೂರದ ಆಶ್ರಮವೋ

ಈಗ ಮುಖ್ಯ ವಿಷಯ. ವಾರದ ಗುಂಪು ಹೇಗಿರುತ್ತದೆ? ನಮ್ಮದನ್ನೇ ಹೇಳುತ್ತೇನೆ. ಸಂಜೆ ಆರೂವರೆಗೆ ಸೇರುತ್ತೇವೆ. ಕೆಲವರಿಗೆ ಚಾಪೆ, ಒಬ್ಬರಿಗೆ ಮಣೆ, ಮೊಣಕಾಲು ನೋವಿರುವ ಮೂವರಿಗೆ ಕುರ್ಚಿ. ನೆಲದ ಮೇಲೇ ಕೂರಬೇಕು ಅಂತ ಯಾವ ನಿಯಮವೂ ಇಲ್ಲ. ಬೆನ್ನು ನೆಟ್ಟಗಿದ್ದರೆ ಸಾಕು. ಗೋಡೆ ಗಡಿಯಾರದ ಟಿಕ್ ಟಿಕ್ ತೊಂದರೆ ಕೊಡುತ್ತದೆ ಅಂತ ಅದನ್ನು ಒಳಕೋಣೆಗೆ ಕೊಂಡೊಯ್ದು ಇಡುತ್ತೇವೆ. ಹತ್ತು ನಿಮಿಷ ಏನಾದರೂ ಓದು. ಆಮೇಲೆ ಪುಟ್ಟ ಹಿತ್ತಾಳೆ ಗಂಟೆ ಒಮ್ಮೆ ಬಾರಿಸಿ 25 ನಿಮಿಷ ಮೌನ. ಮತ್ತೆ ಗಂಟೆ. ಕೊನೆಗೆ ಒಂದಿಷ್ಟು ಮಾತು, ಕಾಫಿ.

ಆ 25 ನಿಮಿಷದಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ ಹಾಕುತ್ತದೆ. ಮನಸ್ಸು ಎಣಿಸುತ್ತದೆ. ಮೂರಾಯಿತು, ನಾಲ್ಕಕ್ಕೆ ಆಫ್ ಮಾಡ್ತಾರೇನೋ, ನಮ್ಮ ಮನೆಯಲ್ಲಿ ರಾತ್ರಿಗೆ ಏನು ಮಾಡಲಿ. ಎಷ್ಟೋ ಹೊತ್ತಿನ ಮೇಲೆ ಗೊತ್ತಾಗುತ್ತದೆ, ಮಂತ್ರ ಕೈಬಿಟ್ಟು ಹೋಗಿದೆ ಅಂತ. ಮತ್ತೆ ಶುರು. ಮನೆಯಲ್ಲಿ ಒಬ್ಬಳೇ ಇದ್ದಿದ್ದರೆ ನಾನು ಆಗಲೇ ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಆರು ಜನ ಅಲುಗಾಡದೆ ಕೂತಿರುವಾಗ ಏಳಲು ಮನಸ್ಸಾಗುವುದಿಲ್ಲ. ಗುಂಪು ಮಾಡುವ ದೊಡ್ಡ ಉಪಕಾರ ಇದೇ.

ಮಲೆನಾಡಿನಲ್ಲಿ ಇನ್ನೊಂದು ಲಾಭವೂ ಇದೆ. ನಮ್ಮ ಕಡೆಯ ಚರ್ಚುಗಳಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಎಲ್ಲ ಮಾತಾಡುವವರಿದ್ದಾರೆ. ಭದ್ರಾವತಿಯ ಕಾರ್ಖಾನೆಗಳಿಗೆ, ಬೆಟ್ಟದ ತೋಟಗಳಿಗೆ ಕೆಲಸ ಹುಡುಕಿಕೊಂಡು ಬಂದವರು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆಯಿತು. ಕೇರಳ ಮೂಲದ ಸಿರೋ ಮಲಬಾರ್ ಕ್ಯಾಥೊಲಿಕ್ ಸಭೆಯವರಿಗೆ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಆಯಿತು. ಬಲಿಪೂಜೆ ಯಾವ ಭಾಷೆಯಲ್ಲಿ ಅನ್ನುವುದು ಎಷ್ಟೋ ಕಡೆ ಮನಸ್ತಾಪಕ್ಕೆ ಕಾರಣವಾಗಿದೆ. ಮೌನಕ್ಕೆ ಅನುವಾದ ಬೇಕಿಲ್ಲ. ನಮ್ಮ ಏಳು ಜನರಲ್ಲಿ ಮನೆಮಾತು ನಾಲ್ಕು. ಒಬ್ಬರು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವರು. 25 ನಿಮಿಷ ಇದು ಯಾವುದೂ ಅಡ್ಡ ಬರುವುದಿಲ್ಲ.

ಆನ್‌ಲೈನ್ ಗುಂಪು? ಆಗುಂಬೆ, ಹೊಸನಗರದ ಒಳಗಿನ ಊರುಗಳಲ್ಲಿ ಮಳೆಗಾಲದಲ್ಲಿ ಸಂಜೆ ಬಸ್ ನಂಬಿ ಹೊರಡಲಾಗದು. ಅಂಥವರಿಗೆ ಇದು ಒಳ್ಳೆಯ ಆಸರೆ. ಆದರೆ ಅದೇ ಮಳೆಗೆ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಒಂದು ಉಪಾಯ ಹೇಳುತ್ತೇನೆ. ನೆಟ್ ಹೋದರೆ ಎಲ್ಲರೂ ಅದೇ ಹೊತ್ತಿಗೆ ತಮ್ಮ ತಮ್ಮ ಮನೆಯಲ್ಲೇ ಕೂರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ನಮ್ಮ ಗುಂಪಿನ ತೀರ್ಥಹಳ್ಳಿ ಕಡೆಯ ಅಕ್ಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಗೇ ಮಾಡುತ್ತಾರೆ. ಫೋನ್ ಬರುವುದು ಮರುದಿನ ಬೆಳಿಗ್ಗೆ: ‘ನಿನ್ನೆ ನಾನೂ ಕೂತಿದ್ದೆ ಕಣೇ.’

ಇಷ್ಟು ರೂಢಿಯಾದ ಮೇಲೆ, ಆರು ತಿಂಗಳೋ ವರ್ಷವೋ ಕಳೆದ ಮೇಲೆ, ದೂರ ಹೋಗಿ. ಆಗ ಅಲ್ಲಿನ ಮೌನ ನಿಮ್ಮನ್ನು ಹೆದರಿಸುವುದಿಲ್ಲ. ಮೊದಲ ಸಲವೇ ಎಂಟು ದಿನ ಮೌನಕ್ಕೆ ಹೋದವರು ಮೂರನೇ ದಿನಕ್ಕೆ ಬ್ಯಾಗ್ ಕಟ್ಟಿದ್ದನ್ನು ನೋಡಿದ್ದೇನೆ.

ಎಲ್ಲಿಗೆ? ಇಗ್ನೇಷಿಯನ್ ದಾರಿ ಹಿಡಿಸಿದವರಿಗೆ ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸ್ ಇದೆ. ಇಗ್ನೇಷಿಯಸರು ಕಟ್ಟಿದ ಯೇಸುಸಭೆಯವರದು (ಜೆಸ್ವಿಟರದು). ಇಗ್ನೇಷಿಯಸರ ಪೂರ್ತಿ ಸಾಧನೆ ಸುಮಾರು 30 ದಿನದ್ದು. ಎಂಟು ದಿನದ ಚಿಕ್ಕ ರೂಪವೇ ಹೆಚ್ಚು ಬಳಕೆಯಲ್ಲಿದೆ. ತೋಟ, ಮಕ್ಕಳು ಬಿಟ್ಟು ಹೋಗಲಾಗದವರಿಗೆ ಇಗ್ನೇಷಿಯಸರೇ ಒಂದು ದಾರಿ ಬರೆದಿಟ್ಟಿದ್ದಾರೆ. ಮನೆಯಲ್ಲೇ ಇದ್ದು, ದಿನಕ್ಕೆ ಒಂದಿಷ್ಟು ಹೊತ್ತು ಪ್ರಾರ್ಥಿಸುತ್ತಾ, ಆಗಾಗ ಮಾರ್ಗದರ್ಶಕರನ್ನು ಕಂಡು, ತಿಂಗಳುಗಟ್ಟಲೆ ನಿಧಾನವಾಗಿ ಮುಗಿಸುವುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮಲೆನಾಡಿನ ಕೃಷಿಕರಿಗೆ ಇದಕ್ಕಿಂತ ಹೊಂದುವಂಥದ್ದು ನನಗೆ ಕಂಡಿಲ್ಲ. ನಿಮ್ಮ ಫಾದರ್ ಹತ್ತಿರವೋ ಪರಿಚಯದ ಸಿಸ್ಟರ್ ಹತ್ತಿರವೋ ವಿಚಾರಿಸಿ.

ಮಂಗಳೂರಿನ ಕಡೆಯೇ ಮುಲ್ಕಿಯಲ್ಲಿ ಡಿವೈನ್ ಕಾಲ್ ಸೆಂಟರ್ ಇದೆ. ಅದು ಮೊದಲು ಹೇಳಿದ ಸ್ತುತಿ ಆರಾಧನೆಯ ಧ್ಯಾನಕೂಟದ ದಾರಿ. ಹಾಡಿ, ಅತ್ತು, ಎದೆ ಹಗುರ ಮಾಡಿಕೊಳ್ಳಬೇಕು ಅನ್ನುವವರು ಅಂಥ ಕಡೆಗೆ ಹೋಗಿ. ಎರಡೂ ಊರಿಗೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಘಾಟಿ ರಸ್ತೆ ಯಾವಾಗ ಕೈಕೊಡುತ್ತದೆ ಹೇಳಲಾಗದು. ಒಂದು ದಿನ ಮುಂಚೆಯೇ ಹೊರಡಿ.

ಭಾರತೀಯ ಆಶ್ರಮದ ರೀತಿ ಬೇಕು ಅನ್ನುವವರಿಗೆ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ಅಂಜಲಿ ಆಶ್ರಮ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗ ಕಟ್ಟಿದ ಫಾದರ್ ಅಮಲೋರ್‌ಪವದಾಸ್ ಸ್ಥಾಪಿಸಿದ್ದು. ಶಿವಮೊಗ್ಗದಿಂದ ಮೈಸೂರಿಗೆ ನೇರ ರೈಲಿದೆ. ವಯಸ್ಸಾದವರಿಗೆ ಇದು ಸಣ್ಣ ವಿಷಯ ಅಲ್ಲ. ಬೆಂಗಳೂರಿನ ಹತ್ತಿರ, ಮೈಸೂರು ರಸ್ತೆಯಲ್ಲಿ ಕೆಂಗೇರಿ ಆಚೆ ಆಶೀರ್ವನಂ ಬೆನೆಡಿಕ್ಟಿನ್ ಮಠ. ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕು ಎಂದು ಸಂತ ಬೆನೆಡಿಕ್ಟರ ನಿಯಮದ 53ನೇ ಅಧ್ಯಾಯ ಹೇಳುತ್ತದೆ. ಮಠದವರ ಪ್ರಾರ್ಥನೆಯ ಗಂಟೆಗಳ ಜೊತೆ ನಿಮ್ಮ ದಿನವನ್ನು ಹೊಂದಿಸಿಕೊಂಡು ಇರುವುದೇ ಅಲ್ಲಿನ ರಿಟ್ರೀಟ್. ಯಾರೂ ತಾಸುಗಟ್ಟಲೆ ಪ್ರವಚನ ಕೊಡಲಿ ಅಂತ ಕಾಯಬೇಡಿ.

ಇನ್ನೂ ದೂರ ಹೋಗುವ ಮನಸ್ಸಿದ್ದರೆ ತಮಿಳುನಾಡಿನ ಕುಳಿತಲೈ ಹತ್ತಿರ ಶಾಂತಿವನಂ. ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯ ದಡದಲ್ಲೇ ಇದೆ. ಫ್ರಾನ್ಸಿನಿಂದ ಬಂದ ಇಬ್ಬರು ಗುರುಗಳು, ಮೊನ್ಶಾನಿನ್ ಮತ್ತು ಅಭಿಷಿಕ್ತಾನಂದ ಎಂದು ಹೆಸರಾದ ಹೆನ್ರಿ ಲೆ ಸೋ, 1950ರಲ್ಲಿ ಶುರು ಮಾಡಿದ್ದು. 1968ರಿಂದ ಇಂಗ್ಲೆಂಡಿನ ಬೆನೆಡಿಕ್ಟಿನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಅಲ್ಲಿದ್ದರು. ಮೊದಲ ಸಲಕ್ಕೆ ಇದನ್ನು ಆರಿಸಬೇಡಿ. ನಿಮ್ಮದೇ ಅಭ್ಯಾಸ ಗಟ್ಟಿಯಾದ ಮೇಲೆ ಹೋದರೆ ಅಲ್ಲಿನ ಬೆಳಗು, ಸಂಜೆ ನಿಮಗೆ ದಕ್ಕುತ್ತವೆ.

ಹೊರಡುವ ಮುನ್ನ ಫೋನ್ ಮಾಡಿ ಕೇಳಿ

ಮೌನ ಪೂರ್ತಿಯೋ, ಊಟದ ಹೊತ್ತಿನಲ್ಲಿ ಮಾತಿದೆಯೋ. ಮಾರ್ಗದರ್ಶನ ಕನ್ನಡದಲ್ಲಿ ಇರುತ್ತದೋ, ಇಂಗ್ಲಿಷಿನಲ್ಲೋ. ದಿನಕ್ಕೊಮ್ಮೆ ಒಬ್ಬರ ಹತ್ತಿರ ಖಾಸಗಿಯಾಗಿ ಮಾತಾಡಲು ಸಿಗುತ್ತದಾ. ಮಹಡಿ ಹತ್ತಬೇಕಾ. ನೀವಾಗಿ ಕೊಟ್ಟಷ್ಟು ತೆಗೆದುಕೊಳ್ಳುತ್ತಾರೋ, ದರ ಇಷ್ಟೇ ಅಂತ ಇದೆಯೋ. ಮನೆಯಲ್ಲಿ ಏನಾದರೂ ಆದರೆ ಫೋನ್ ತಲುಪಿಸುತ್ತಾರಾ. ಕೇಳಲು ಸಂಕೋಚ ಬೇಡ. ಒಳ್ಳೆಯ ಕಡೆ ಸಮಾಧಾನದಿಂದ ಉತ್ತರ ಕೊಡುತ್ತಾರೆ.

ಔಷಧಿಯ ವಿಷಯ ಮಾತ್ರ ಒತ್ತಿ ಹೇಳಬೇಕು. ನಮ್ಮ ಚಿಕ್ಕಮ್ಮ ಒಂದು ಗುಣಪಡಿಸುವ ಪ್ರಾರ್ಥನೆಯ ಕೂಟದಿಂದ ಬಂದವರು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿಬಿಟ್ಟರು. ಅಲ್ಲಿ ಯಾರೂ ಮಾತ್ರೆ ಬಿಡಿ ಅಂತ ಬಾಯಿಬಿಟ್ಟು ಹೇಳಿರಲಿಲ್ಲ. ಬಿಡಬೇಡಿ ಅಂತಲೂ ಯಾರೂ ಹೇಳಲಿಲ್ಲ. ಕಾಲಿನ ಗಾಯ ಮಾಯದೆ ಎರಡು ತಿಂಗಳು ಆಸ್ಪತ್ರೆ ಸುತ್ತಿದೆವು. ಬಿ.ಪಿ., ಶುಗರ್, ಮನಸ್ಸಿನ ಕಾಯಿಲೆ, ಯಾವುದರ ಮಾತ್ರೆಯೇ ಇರಲಿ, ಡಾಕ್ಟರ್ ಹೇಳದೆ ಒಂದು ಹೊತ್ತೂ ಬಿಡಬೇಡಿ. ಇನ್ನು ತೀವ್ರ ಖಿನ್ನತೆ ಇರುವವರು, ದೊಡ್ಡ ಆಘಾತದಿಂದ ಈಗಷ್ಟೇ ಎದ್ದವರು ಹಲವು ದಿನದ ಮೌನಕ್ಕೆ ಹೋಗುವ ಮುಂಚೆ ಡಾಕ್ಟರ ಹತ್ತಿರವೂ ರಿಟ್ರೀಟ್ ನಡೆಸುವವರ ಹತ್ತಿರವೂ ಮಾತಾಡಿ. ಮೌನದಲ್ಲಿ ಹಳೆಯ ನೋವು ಒಮ್ಮೆಲೇ ಮೇಲೆ ಬರುತ್ತದೆ. ಆಗ ಹಿಡಿದುಕೊಳ್ಳಲು ಒಬ್ಬರು ಇರಬೇಕು.

ಕಾಲ ಯಾವುದು? ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು, ಸುಲಿತ. ಯಾರಿಗೂ ಪುರುಸೊತ್ತಿಲ್ಲ. ಜೂನ್ ಆದಮೇಲೆ ಮಳೆ. ನಡುವೆ, ಈಸ್ಟರಿಗೆ ಮುಂಚೆ ಬರುವ ತಪಸ್ಸುಕಾಲದ 40 ದಿನ ಇದಕ್ಕೇ ಇಟ್ಟಂತಿದೆ. ಹೊಸ ಗುಂಪು ಶುರು ಮಾಡಲೂ ಅದೇ ಸರಿಯಾದ ಹೊತ್ತು.

ಹತ್ತಿರದಲ್ಲಿ ಗುಂಪೇ ಇಲ್ಲ ಅನ್ನುವವರು ಕಾಯಬೇಡಿ. ಇಬ್ಬರೋ ಮೂವರೋ ಸೇರಿದಲ್ಲಿ ನಾನಿದ್ದೇನೆ ಅಂತ ಯೇಸುಸ್ವಾಮಿ ಹೇಳಿದ್ದಾರೆ. ಅಷ್ಟು ಜನ ಸಾಕು. ನಮ್ಮದೂ ಶುರುವಾಗಿದ್ದು ಇಬ್ಬರಿಂದ. ಫಾದರಿಗೆ ಒಂದು ಮಾತು ತಿಳಿಸಿ. ವಾರದ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ. ಮೊದಲ ತಿಂಗಳು ಹತ್ತು ನಿಮಿಷ ಮೌನ ಸಾಕು, ಮುಂದಿನ ತಿಂಗಳು ಹದಿನೈದು. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಟೈಮರ್ ಇಡಿ. ಯಾರೂ ಬಾರದ ವಾರವೂ ಬಾಗಿಲು ತೆರೆದಿಟ್ಟು, ಚಾಪೆ ಹಾಸಿ, ಅದೇ ಹೊತ್ತಿಗೆ ಕೂತುಕೊಳ್ಳಿ.